ಅಟ್ಟದಲ್ಲಿ ಸೌತೆ ಇರಲಿ

ಕಳೆದ ಆಟಿಯಲ್ಲಿ ಸುಳ್ಯ ಕಡೆಯ ಕೃಷಿಕ ಮಿತ್ರರ ಹಳೆಮನೆಯಲ್ಲಿ ಎರಡು ರಾತ್ರಿ ಉಳಿದೆ. ಅಜ್ಜನ ಕಾಲದ ಮಣ್ಣಿನ ಗೋಡೆ, ಹಲಸಿನ ಕಂಬ. ಕೆಡವಿ ತಾರಸಿ ಹಾಕುವ ಬದಲು ರಿಪೇರಿ ಮಾಡಿ ಹೋಂಸ್ಟೇ ಮಾಡಿದ್ದಾರೆ. ಗೋಡೆಗೆ ಸುಣ್ಣದ ಗಾರೆಯೇ. ಸಿಮೆಂಟ್ ಬಳಿದರೆ ಒಳಗಿನ ಪಸೆ ಹೊರಹೋಗದೆ ಮಣ್ಣು ಸಡಿಲಾಗುತ್ತದೆ. ಒಳ್ಳೆ ಕೆಲಸ.

ನನಗೆ ಹೆಚ್ಚು ಹಿಡಿಸಿದ್ದು ಅಟ್ಟ. ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಕಾಯಿ ಬಾಳೆಬಳ್ಳಿಯಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿದ್ದರು! ಮೂಲೆಯಲ್ಲಿ ಉಪ್ಪುಸೊಳೆಯ ಭರಣಿ. ಬೆಳಗ್ಗೆ ಮನೆಯಾಕೆ ಗೊರಬೆ ಹಾಕಿಕೊಂಡು ಹಿತ್ತಿಲಿಗಿಳಿದು ಬಸಳೆ, ಬೆಂಡೆ ಕೊಯ್ದು ತಂದರು.

ಇಂಥದೇ ಇನ್ನೊಂದು ಹಳೆಮನೆಯಲ್ಲೂ ಹಿಂದೆ ಉಳಿದಿದ್ದೆ. ಅಲ್ಲಿ ಅಟ್ಟ ಮಲಗುವ ಕೋಣೆಯಾಗಿದೆ, ಹಿತ್ತಿಲು ಹುಲ್ಲುಹಾಸಾಗಿದೆ. ಅಡಿಕೆ ತೋಟದ ನಡುವೆ ಕೂತು ಪೇಟೆ ಟೊಮೆಟೊ ಸಾರು ಉಂಡದ್ದಾಯಿತು. 2020ರ ಲಾಕ್‌ಡೌನಿನಲ್ಲಿ ಅವರಲ್ಲಿಗೆ ಅತಿಥಿಗಳಿಲ್ಲ, ಸಾಲದ ಕಂತು ಮಾತ್ರ ತಲೆಮೇಲೆ. ಮಿತ್ರರಲ್ಲಿಗೂ ಆಗ ಯಾರೂ ಬರಲಿಲ್ಲ, ಆದರೆ ಊಟಕ್ಕೆ ತತ್ವಾರವಾಗಲಿಲ್ಲ.

ಹಳೆಮನೆ ಇದ್ದವರು ಹೋಂಸ್ಟೇ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಹಿತ್ತಿಲು, ಮತ್ತೆ ಕೋಣೆ. ಹಿತ್ತಿಲು ಎಷ್ಟು ಜನಕ್ಕೆ ಬಡಿಸುತ್ತದೋ ಅಷ್ಟೇ ಅತಿಥಿಗಳು ಸಾಕು. ಮಿತ್ರರದು ಎರಡೇ ಕೋಣೆ. ಮೂರನೆಯದು ಕಟ್ಟಿ ಅಂತ ಬಂದವರೆಲ್ಲ ಹೇಳುತ್ತಾರಂತೆ.

“ಕಟ್ಟಬಹುದು ಮಾರಾಯ್ರೇ, ಬಸಳೆ ಚಪ್ಪರ ತೆಗೀಬೇಕಾಗ್ತದೆ” ಅಂದರು.