ನಮ್ಮೂರ ಲೆಕ್ಕ – 6: ಇನ್ನೆಷ್ಟು ವರ್ಷ ದುಡೀತಿದ್ರು?

2023ರ ಅಕ್ಟೋಬರ್ 26. ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ, ಬೆಳಗಿನ ಮಂಜಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೋ ಗುದ್ದಿ 13 ಜನ ತೀರಿಕೊಂಡರು. ಅವರಲ್ಲಿ ಹಲವರು ಕೂಲಿ ಮಾಡಿ ಬದುಕುತ್ತಿದ್ದವರು. ಇಂಥ ಸಾವಿನ ಕೇಸಲ್ಲಿ ಪರಿಹಾರ ಕೊಡೋಕೆ ಕೂತ ನ್ಯಾಯಮಂಡಳಿ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಹುಡುಕಬೇಕು: ಬದುಕಿದ್ದಿದ್ರೆ ಇನ್ನೆಷ್ಟು ವರ್ಷ ದುಡೀತಿದ್ರು?

ಸುಪ್ರೀಂ ಕೋರ್ಟ್ 2009ರಲ್ಲಿ, ಸರಳಾ ವರ್ಮಾ ಪ್ರಕರಣದಲ್ಲಿ, ಇದಕ್ಕೊಂದು ಪಟ್ಟಿ ಕೊಟ್ಟಿತು. ವಯಸ್ಸು 15ರಿಂದ 25 ಆದ್ರೆ ಗುಣಕ 18. 26–30ಕ್ಕೆ 17. ಹೀಗೇ ಇಳೀತಾ 56–60ಕ್ಕೆ 9.

ಒಂದು ಲೆಕ್ಕ ಮಾಡೋಣ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯೋ 28 ವರ್ಷದವನು, ತಿಂಗಳಿಗೆ 12,000 ದುಡೀತಿದ್ದ ಅಂತ ಇಟ್ಕೊಳ್ಳಿ. ವರ್ಷಕ್ಕೆ 1,44,000. ಮುಂದೆ ಆದಾಯ ಏರುತ್ತಿತ್ತು ಅಂತ 40% ಸೇರಿಸಿದ್ರೆ 2,01,600. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಅವನನ್ನೇ ನಂಬಿದ್ದಾರೆ. ಹಾಗಾಗಿ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದ್ರೆ 1,51,200. ಇದನ್ನ 17ರಿಂದ ಗುಣಿಸಿ: 25,70,400 ರೂಪಾಯಿ.

60ರವರೆಗೆ 32 ವರ್ಷ ಇತ್ತಲ್ಲ, 17 ಯಾಕೆ? ದುಡ್ಡು ಒಂದೇ ಸಲ ಕೈಗೆ ಬರುತ್ತೆ, ಅದಕ್ಕೆ ಬಡ್ಡಿ ಹುಟ್ಟುತ್ತೆ. ಜೊತೆಗೆ ಕಾಯಿಲೆ, ಕೆಲಸ ಹೋಗೋದು, ಬೇರೆ ಕಾರಣದ ಸಾವು, ಎಲ್ಲದರ ಸಾಧ್ಯತೆಯೂ ಆ 17ರೊಳಗೇ ಇದೆ.

ಇದಕ್ಕಿಂತ ಸೂಕ್ಷ್ಮವಾದ ವಿಧಾನವೂ ಇದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 1982ರಲ್ಲಿ ಮಾರ್ಕೋವ್ ಮಾದರಿಯ ಕೋಷ್ಟಕ ಪ್ರಕಟಿಸಿತು. ಅದು ಪ್ರತಿ ವಯಸ್ಸಿಗೂ ಕೇಳೋದಿಷ್ಟು: ಈಗ ಕೆಲಸದಲ್ಲಿರೋರು ಮುಂದಿನ ವರ್ಷ ಬಿಡೋ ಸಾಧ್ಯತೆ ಎಷ್ಟು? ಬಿಟ್ಟವರು ವಾಪಸ್ ಬರೋದು ಎಷ್ಟು? ನಮ್ಮ ಮುದ್ದೇನಹಳ್ಳಿಯ ಸರ್ ಎಂ.ವಿ.ಯನ್ನೇ ನೋಡಿ. 1908ರಲ್ಲಿ, 47ನೇ ವಯಸ್ಸಲ್ಲಿ ಬಾಂಬೆ ಸರ್ಕಾರದ ಕೆಲಸ ಬಿಟ್ಟರು. 1912ರಲ್ಲಿ ಮೈಸೂರಿನ ದಿವಾನರಾದರು. ಬಿಡೋದು, ಮತ್ತೆ ಬರೋದು, ಎರಡೂ ಎಣಿಕೆಗೆ ಬಂದ್ರೇ ಲೆಕ್ಕ ಸರಿ.

ಹಾಗಾದ್ರೆ ಆ ನಿಖರ ವಿಧಾನ ನಮ್ಮ ನ್ಯಾಯಮಂಡಳಿಗೂ ಬರಲಿ ಅಂತೀರಾ? ನಾನು ಬೇಡ ಅಂತೀನಿ. ಆ ಕೋಷ್ಟಕಗಳನ್ನ ಹೆಣ್ಣು-ಗಂಡು, ಓದು ಅಂತ ವಿಂಗಡಿಸ್ತಾರೆ. ಮಕ್ಕಳಿಗೋಸ್ಕರ ಹೆಣ್ಣುಮಕ್ಕಳು ಕೆಲಸ ಬಿಡ್ತಾರೆ, ಬಿಸಿನೀರು-ಹೊಗೆಯಲ್ಲಿ ದುಡಿದವರ ಮೈ ಬೇಗ ಸೋಲುತ್ತೆ. ಆಗ ಲೆಕ್ಕ ಹೇಳುತ್ತೆ: ಇವರು ಕಡಿಮೆ ದುಡೀತಿದ್ರು, ಕಡಿಮೆ ಕೊಡಿ! ಬದುಕಿದ್ದಾಗ ಆದ ಅನ್ಯಾಯವೇ ಸತ್ತಮೇಲೆ ರಿಯಾಯಿತಿ ಆಗುತ್ತೆ. ಲಿಂಗ, ಜನಾಂಗ ನೋಡಿ ಹೀಗೆ ಪರಿಹಾರ ಇಳಿಸಬಾರದು ಅಂತ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನೇ ಮಾಡಿತು. ನಮ್ಮ ಗುಣಕ ಒರಟು, ನಿಜ. ಆದ್ರೆ ಅದು ವಯಸ್ಸು ಬಿಟ್ಟು ಬೇರೇನೂ ಕೇಳಲ್ಲ. ಬ್ಯಾಂಕ್ ಆಫೀಸರ್‌ಗೂ 17, ರೇಷ್ಮೆ ಕೂಲಿಗೂ 17. ಇದನ್ನ ಉಳಿಸಿಕೊಳ್ಳಬೇಕು. ಮಾರ್ಕೋವ್ ಲೆಕ್ಕ ಪಿಂಚಣಿ ಯೋಜನೆಗೆ ಬರಲಿ. ಯಾರ ಮೈ ಬೇಗ ಸೋಲುತ್ತೋ ಅವರಿಗೆ ಬೇಗ ಪಿಂಚಣಿ ಸಿಗಲಿ.

ತಾರತಮ್ಯ ಉಳಿದಿರೋದು ಉಳಿದ ಅಂಕಿಗಳಲ್ಲಿ. 40 ದಾಟದ ಕಾಯಂ ನೌಕರರಿಗೆ ಭವಿಷ್ಯದ ಏರಿಕೆ 50%, ಸ್ವಂತ ದುಡಿಮೆಯವರಿಗೆ 40% – ಇದು 2017ರ ಪ್ರಣಯ್ ಸೇಠಿ ತೀರ್ಪು. ಕೂಲಿಯವರಿಗೆ ಸಂಬಳದ ಚೀಟಿಯೂ ಇರಲ್ಲ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಆದ್ರೂ ಮನೇಲಿ ನೂಲು ತೆಗೆಯೋ ಅಮ್ಮನನ್ನ "ಮನೇಲಿದ್ದಾರೆ ಅಷ್ಟೇ" ಅಂತ ಹೇಳೋರು ನಾವೇ ಅಲ್ವಾ?

ಗೌರಿಬಿದನೂರು, ಚಿಂತಾಮಣಿಯಿಂದ ದಿನಾ ಬಸ್ಸಲ್ಲಿ, ಬೈಕಲ್ಲಿ ಓಡಾಡೋ ಗೆಳೆಯರೇ, ಇವತ್ತೇ ಮನೇಲಿ ಕೂತು ಕೇಳಿ: ಅಪ್ಪ-ಅಮ್ಮನ ಕೂಲಿ ಎಲ್ಲಾದ್ರೂ ಬರೆದಿಟ್ಟಿದೆಯಾ? ಪಾಸ್‌ಬುಕ್, ಫೋನ್‌ಪೇ ದಾಖಲೆ, ಮಾಲೀಕರ ಸಹಿ ಇರೋ ಒಂದು ನೋಟ್‌ಬುಕ್ ಆದ್ರೂ ಸಾಕು. ನಿಮ್ಮನೇಲಿ ಹೇಗಿದೆ, ಕಾಮೆಂಟಲ್ಲಿ ಹೇಳಿ.

#ನಮ್ಮೂರಲೆಕ್ಕ #ಶಿಡ್ಲಘಟ್ಟ #ಚಿಕ್ಕಬಳ್ಳಾಪುರ #ಚಿಂತಾಮಣಿ #ಗೌರಿಬಿದನೂರು