ಸಂಕೇತವೇ ತೀರ್ಪಲ್ಲ

ಬೀರೂರು ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾದವರೆಲ್ಲರೂ ಕೆಂಪು ಸಿಗ್ನಲ್ಲಿನ ಮುಂದೆ ನಿಂತುಬಿಟ್ಟ ಗಾಡಿಯನ್ನು ನೋಡಿರುತ್ತಾರೆ. ಮುಂದೆ ಹೋಗಕೂಡದೆಂಬುದನ್ನು ಆ ದೀಪ ಸ್ಪಷ್ಟವಾಗಿ ತಿಳಿಸುತ್ತದೆ. ಏಕೆ ಹೋಗಕೂಡದೆಂಬುದನ್ನು ಮಾತ್ರ ತಿಳಿಸುವುದಿಲ್ಲ. ಮೋಟಾರು ವಾಹನದ ಚಾಲಕನ ಎದುರಿನ ಫಲಕದಲ್ಲಿ ಹೊತ್ತಿಕೊಳ್ಳುವ ಹಳದಿಯ ಇಂಜಿನ್ ದೀಪವೂ, ಅದರ ಹಿಂದಿರುವ ದೋಷಸಂಕೇತವೂ ಇದೇ ಜಾತಿಯವು. ಈ ಸಂಕೇತಗಳನ್ನು ಓದುವ, ಮೆಕ್ಯಾನಿಕ್ಕರು ‘ಸ್ಕ್ಯಾನರ್’ ಎಂದು ಕರೆಯುವ ಪುಟ್ಟ ಉಪಕರಣ ಈಗ ಯಾರಿಗಾದರೂ ಅಂಗಡಿಯಲ್ಲಿ ದೊರೆಯುತ್ತದೆ. ಹಳೆಯ ವಾಹನಕ್ಕೆ ಅದರಲ್ಲಿ ಎಂಥದನ್ನು ಆರಿಸಬೇಕು? ಇದು ವ್ಯಾಪಾರದ ಪ್ರಶ್ನೆಯಂತೆ ಕಂಡರೂ, ನನ್ನ ಅಭಿಪ್ರಾಯದಲ್ಲಿ, ಅಳತೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬ ವಿಜ್ಞಾನದ ಪ್ರಶ್ನೆಯೇ ಆಗಿದೆ.

ಈ ವಿಚಾರ ನನ್ನ ಮುಂದೆ ಬಂದುದು ಹೀಗೆ. ನಿವೃತ್ತರಾದ ನನ್ನ ಸೋದರಮಾವನವರು, ಊರೂರು ನೋಡಬೇಕೆಂಬ ಬಹುದಿನದ ಆಸೆಯಿಂದ, 2014ರಲ್ಲಿ ತಯಾರಾದ ಡೀಸೆಲ್ ವ್ಯಾನೊಂದನ್ನು ಕೊಂಡರು. ಹಿಂದಿನ ಒಡೆಯರು ಸಾರಿಗೆ ಇಲಾಖೆಯ ಅನುಮತಿ ಪಡೆದು ಅದನ್ನು ಕ್ಯಾರವಾನ್ ಆಗಿ ಮಾರ್ಪಡಿಸಿದ್ದರು. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ನೂರು ಲೀಟರಿನ ನೀರಿನ ತೊಟ್ಟಿ. ಬೀರೂರು ಕಡೂರುಗಳ ನಡುವಣ ಮಟ್ಟಸವಾದ ದಾರಿಯಲ್ಲಿ ಅದು ಯಾವ ತಕರಾರೂ ಇಲ್ಲದೆ ಓಡಿತು. ಆದರೆ ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಏರನ್ನು ಹತ್ತುವಾಗ ಬಲ ಕುಂದಿತು, ದೀಪ ಹೊತ್ತಿಕೊಂಡಿತು. ಮರಳುವ ದಾರಿಯಲ್ಲಿ ಒಂದು ವರ್ಕ್‌ಷಾಪಿನವರು ಸ್ಕ್ಯಾನರನ್ನು ಜೋಡಿಸಿ ‘ಪಿ 0299’ ಎಂಬ ಸಂಕೇತವನ್ನು ತೋರಿಸಿ, “ಟರ್ಬೊ ಹೋಗಿದೆ ಸಾರ್, ಹೊಸದು ಹಾಕ್ಬೇಕು” ಎಂದರು. ಖರ್ಚು ಅರ್ಧ ಲಕ್ಷಕ್ಕೆ ಸಮೀಪ. ಮಾವನವರು ಮನೆಗೆ ಬಂದು, “ಏನಪ್ಪ, ಯಂತ್ರವೇ ಹೇಳಿದ ಮೇಲೆ ಸುಳ್ಳಾದೀತೆ?” ಎಂದು ಕೇಳಿದರು.

ಯಂತ್ರ ಸುಳ್ಳು ಹೇಳಿರಲಿಲ್ಲ. ಆದರೆ ಟರ್ಬೊ ಕೆಟ್ಟಿದೆ ಎಂದೂ ಅದು ಹೇಳಿರಲಿಲ್ಲ. ಸಂಕೇತದಲ್ಲಿನ ‘ಪಿ’ ಅಕ್ಷರ ಇಂಜಿನ್ ಮತ್ತು ಗಿಯರುಗಳ ವಿಭಾಗವನ್ನು ಸೂಚಿಸುತ್ತದೆ. ಅನಂತರದ ಸೊನ್ನೆ, ಇದು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತ ಎಂಬುದರ ಗುರುತು. ಪೂರ್ಣ ಸಂಕೇತದ ಅರ್ಥ ಇಷ್ಟೆ: ಟರ್ಬೊ ಒದಗಿಸಬೇಕಾದ ಗಾಳಿಯ ಒತ್ತಡ ನಿರೀಕ್ಷೆಗಿಂತ ಕಡಿಮೆಯಾಗಿದೆ. ವಾಹನದ ಗಣಕಕ್ಕೆ ಟರ್ಬೊ ಕಾಣುವುದಿಲ್ಲ. ಗಾಳಿಯ ಕೊಳವೆಯಲ್ಲಿರುವ ಒತ್ತಡಮಾಪಕದ ತೆಳುವಾದ ಪೊರೆ ಬಾಗಿದಾಗ ಉಂಟಾಗುವ ವೋಲ್ಟೇಜು ಮಾತ್ರವೇ ಅದಕ್ಕೆ ಗೊತ್ತು. ಆ ವೋಲ್ಟೇಜನ್ನು ತನ್ನ ನೆನಪಿನಲ್ಲಿರುವ ಕೋಷ್ಟಕದೊಡನೆ ಹೋಲಿಸಿ, ಅಂತರ ಮಿತಿಮೀರಿದರೆ ದೀಪವನ್ನು ಹೊತ್ತಿಸುತ್ತದೆ. ಒತ್ತಡ ತಗ್ಗಲು ಟರ್ಬೊ ಕಾರಣವಾಗಿರಬಹುದು. ಒಡೆದ ರಬ್ಬರು ಕೊಳವೆ, ಸಡಿಲವಾದ ಪಟ್ಟಿ, ಧೂಳು ತುಂಬಿದ ಗಾಳಿಶೋಧಕ ಅಥವಾ ಸ್ವತಃ ಮಾಪಕವೇ ಕಾರಣವಾಗಿರಬಹುದು. ಆದುದರಿಂದ ಸಂಕೇತವು ಸಾಕ್ಷಿಯ ಹೇಳಿಕೆಯೇ ಹೊರತು ನ್ಯಾಯಾಧೀಶರ ತೀರ್ಪಲ್ಲ.

ಹೀಗಿರುವಲ್ಲಿ, ಉಪಕರಣವನ್ನು ಕೊಳ್ಳುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ನಮ್ಮ ವಾಹನಕ್ಕೆ ಮಾತು ಬರುತ್ತದೆಯೆ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇಂಜಿನ್ ತನ್ನ ದೋಷವನ್ನು ತಾನೇ ಗುರುತಿಸಬೇಕೆಂಬ ನಿಯಮ 1988ರ ಮಾದರಿಯ ಕಾರುಗಳಿಂದ ಬಂದಿತು. 1996ರಿಂದ ಅಲ್ಲಿನ ಎಲ್ಲ ಕಾರುಗಳಿಗೂ ಒಂದೇ ಬಗೆಯ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಭಾರತ್ ಸ್ಟೇಜ್ 4 ನಿಯಮದೊಡನೆ ಇದರ ಮೊದಲ ಹಂತ 2010ರ ಏಪ್ರಿಲ್‌ನಲ್ಲಿಯೂ, ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿಯೂ ಜಾರಿಗೆ ಬಂದುವು. ಆದರೆ 2010ರಲ್ಲಿ ಆ ನಿಯಮ ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಿಂದ ಆರಂಭವಾಗಿ, ದೇಶದಾದ್ಯಂತ ವ್ಯಾಪಿಸಿದುದು 2017ರ ಏಪ್ರಿಲ್‌ನಲ್ಲಿ. ಆದಕಾರಣ ಒಂದೇ ವರ್ಷ ತಯಾರಾದ ಎರಡು ವ್ಯಾನುಗಳಲ್ಲಿ ಬೆಂಗಳೂರಿನಲ್ಲಿ ಮಾರಾಟವಾದದ್ದು ಮಾತನಾಡಬಹುದು. ಬೇರೆಡೆ ಮಾರಾಟವಾದದ್ದು ಮೂಕವಾಗಿರಬಹುದು. ಇನ್ನೂ ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ ಇಂಧನವನ್ನು ಅಳೆದು ಒತ್ತುವ ಪಂಪು ಸಂಪೂರ್ಣ ಯಾಂತ್ರಿಕವಾದುದು. ಅಲ್ಲಿ ಗಣಕವೂ ಇಲ್ಲ, ಸಂಕೇತವೂ ಇಲ್ಲ. ಅಂಥ ವಾಹನದವರು ಸ್ಕ್ಯಾನರಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಮಲ್ಟಿಮೀಟರನ್ನೂ ಒತ್ತಡಮಾಪಕವನ್ನೂ ಕೊಳ್ಳುವುದು ವಿವೇಕ.

ಎರಡನೆಯದು: ವಾಹನ ಆಡುವ ಭಾಷೆ ಉಪಕರಣಕ್ಕೆ ತಿಳಿಯುತ್ತದೆಯೆ? ಚಾಲಕನ ಮೊಣಕಾಲಿನ ಬಳಿ, ಫಲಕದ ಕೆಳಗೆ ಸಾಮಾನ್ಯವಾಗಿ ಹದಿನಾರು ಸಂಪರ್ಕಗಳುಳ್ಳ ಒಂದು ಸಾಕೆಟ್ ಇರುತ್ತದೆ. ಸಾಕೆಟ್ಟಿನ ಆಕಾರ ಒಂದೇ ಆದರೂ ಅದರೊಳಗೆ ಹರಿಯುವ ಭಾಷೆ ಬೇರೆಬೇರೆ. ಹಳೆಯ ವಾಹನಗಳಲ್ಲಿ ‘ಕೆ-ಲೈನ್’ ಎಂಬ ಒಂಟಿ ತಂತಿಯ ನಿಧಾನಗತಿಯ ಪದ್ಧತಿ ಬಳಕೆಯಲ್ಲಿತ್ತು. ಹೊಸವುಗಳಲ್ಲಿ ‘ಕ್ಯಾನ್’ ಎಂಬ ಎರಡು ತಂತಿಗಳ ವೇಗದ ಪದ್ಧತಿಯಿದೆ. ಮೊಬೈಲಿನೊಡನೆ ಬ್ಲೂಟೂತ್ ಮೂಲಕ ಸೇರುವ ಅಗ್ಗದ ಉಪಕರಣಗಳಲ್ಲಿ ಕೆಲವು ಹೊಸ ಭಾಷೆಯನ್ನು ಮಾತ್ರ ಬಲ್ಲುವು. ಹಳೆಯ ವಾಹನಕ್ಕೆ ಅವನ್ನು ಜೋಡಿಸಿ ಉತ್ತರ ಬಾರದಿದ್ದಾಗ, ದೋಷ ವಾಹನದ್ದೆಂದು ತಿಳಿಯುವುದು ತಪ್ಪು. ಬ್ಯಾಟರಿಯ ವೋಲ್ಟೇಜನ್ನೂ ನೋಡಬೇಕು. ಕಾರು ಮತ್ತು ಚಿಕ್ಕ ವ್ಯಾನುಗಳಲ್ಲಿ 12 ವೋಲ್ಟ್. ಅನೇಕ ಲಾರಿ ಬಸ್ಸುಗಳಲ್ಲಿ 24 ವೋಲ್ಟ್. ಬಸ್ಸನ್ನು ಮಾರ್ಪಡಿಸಿದ ಕ್ಯಾರವಾನಿಗೆ 12 ವೋಲ್ಟಿನ ಸ್ಕ್ಯಾನರನ್ನು ಜೋಡಿಸಿದರೆ ಅದು ಸುಟ್ಟುಹೋಗಬಹುದು.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದುದು: ಉಪಕರಣ ಸಂಕೇತವೊಂದನ್ನೇ ತೋರಿಸುತ್ತದೆಯೋ, ಅಳತೆಗಳನ್ನೂ ತೋರಿಸುತ್ತದೆಯೋ? ಇಂಜಿನ್ ಓಡುತ್ತಿರುವಾಗ ಒತ್ತಡ, ಉಷ್ಣತೆ, ಪರಿಭ್ರಮಣೆಗಳು ಕ್ಷಣಕ್ಷಣಕ್ಕೆ ಎಷ್ಟಿವೆ ಎಂಬುದನ್ನೂ, ದೋಷ ಕಂಡ ಗಳಿಗೆಯಲ್ಲಿ ಅವು ಎಷ್ಟಿದ್ದುವೆಂಬ ದಾಖಲೆಯನ್ನೂ ತೋರಿಸದ ಸ್ಕ್ಯಾನರನ್ನು ಕೊಳ್ಳಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇದಕ್ಕೆ ಕಾರಣ ಸರಳವಾದುದು. ಕ್ಯಾರವಾನಿನ ದೋಷ ಸಾಮಾನ್ಯವಾಗಿ ಹೊರೆ ಬಿದ್ದಾಗ ಮಾತ್ರ ಪ್ರಕಟವಾಗುತ್ತದೆ. ಬೀರೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿ ಸುಮಾರು 1430 ಮೀಟರ್ ಎತ್ತರದಲ್ಲಿದೆ. ಸಾಮಾನುಗಳೊಡನೆ 3500 ಕಿಲೋಗ್ರಾಂ ತೂಗುವ ವಾಹನವನ್ನು ಈ 670 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 23 ದಶಲಕ್ಷ ಜೂಲ್. ಘರ್ಷಣೆಯ ಲೆಕ್ಕ ಇದಕ್ಕೆ ಸೇರಿಲ್ಲ. ಮಟ್ಟಸವಾದ ರಸ್ತೆಯಲ್ಲಿ ಈ ಹೊರೆ ಇಂಜಿನ್ನಿನ ಮೇಲೆ ಬೀಳುವುದೇ ಇಲ್ಲ. ಆದ್ದರಿಂದ ವರ್ಕ್‌ಷಾಪಿನ ಅಂಗಳದಲ್ಲಿ ನಿಂತ ವಾಹನವನ್ನು ಪರೀಕ್ಷಿಸುವುದು, ಏರು ಹತ್ತುವಾಗ ಉಬ್ಬಸಪಡುವ ರೋಗಿಯನ್ನು ಮಲಗಿಸಿ ನಾಡಿ ನೋಡಿದಂತೆ.

ಅಳತೆಗಳನ್ನು ತೋರಿಸುವ ಉಪಕರಣದಿಂದ ಇನ್ನೊಂದು ಪ್ರಯೋಜನವುಂಟು: ಮಾಪಕವು ಪ್ರಾಮಾಣಿಕವಾಗಿದೆಯೇ ಎಂಬುದನ್ನು ನಾವೇ ಪರೀಕ್ಷಿಸಬಹುದು. ಕೀಲಿಯನ್ನು ತಿರುಗಿಸಿ, ಇಂಜಿನ್ನನ್ನು ಮಾತ್ರ ಚಾಲೂ ಮಾಡದೆ ಇದ್ದರೆ ಗಾಳಿಯ ಕೊಳವೆಯಲ್ಲಿ ವಾತಾವರಣದ ಒತ್ತಡವೇ ಇರಬೇಕಷ್ಟೆ. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೊಪಾಸ್ಕಲ್. ಬೀರೂರಿನ ಎತ್ತರದಲ್ಲಿ 92ರಿಂದ 93 ಇರಬೇಕು. ಕೆಮ್ಮಣ್ಣುಗುಂಡಿಯಲ್ಲಿ 85ರ ಆಸುಪಾಸಿಗೆ ಇಳಿಯಬೇಕು. ಬೀರೂರಿನಲ್ಲಿ ನಿಂತ ವಾಹನ 70 ಎಂದು ತೋರಿಸಿದರೆ, ಸುಳ್ಳು ಹೇಳುತ್ತಿರುವುದು ಮಾಪಕ, ಟರ್ಬೊ ನಿರಪರಾಧಿಯಾಗಿರಬಹುದು. ಕಾಲೇಜಿನ ಮೊದಲ ವರ್ಷದ ಪುಸ್ತಕದಲ್ಲಿ ಓದುವ ವಾಯುಭಾರದ ಪಾಠ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳು ಹೆಚ್ಚಿಲ್ಲ.

ಮಾವನವರಿಗಾಗಿ ನಾವು ಆರಿಸಿದುದು ಕೆಲವು ಸಾವಿರ ರೂಪಾಯಿ ಬೆಲೆಯ, ಅಳತೆಗಳನ್ನು ತೋರಿಸುವ, ಹಳೆಯ ಹೊಸ ಭಾಷೆಗಳೆರಡನ್ನೂ ಬಲ್ಲ ಕೈ-ಉಪಕರಣ. ನಿಂತ ವಾಹನದಲ್ಲಿ ಅದು 92 ತೋರಿಸಿತು, ಮಾಪಕ ಸರಿಯಾಗಿತ್ತು. ಗಾಳಿಶೋಧಕವೂ ಶುಚಿಯಾಗಿತ್ತು. ಮತ್ತೆ ಅದೇ ಏರಿಗೆ ಹೋದೆವು. ಮಾವನವರು ಚಾಲನೆ ಮಾಡಿದರು. ನಾನು ಅಂಕಿಗಳನ್ನು ಬರೆದುಕೊಂಡೆ. ಪೆಡಲನ್ನು ಪೂರ್ತಿ ತುಳಿದರೂ ಒತ್ತಡ 130ನ್ನು ದಾಟಲಿಲ್ಲ. ಜೊತೆಗೆ ಬಾನೆಟ್ಟಿನ ಒಳಗಿನಿಂದ ಸುಯ್ಯೆಂಬ ಸದ್ದು ಕೇಳಿಸುತ್ತಿತ್ತು. ಮರುದಿನ ನಮ್ಮೂರಿನ ಹಿರಿಯ ಮೆಕ್ಯಾನಿಕ್ಕರೊಬ್ಬರು ಆ ಅಂಕಿಗಳನ್ನು ನೋಡಿ, ಟರ್ಬೊವಿನಿಂದ ಹೊರಡುವ ರಬ್ಬರು ಕೊಳವೆಯ ಅಡಿಭಾಗವನ್ನು ಕೈಯಿಂದ ತಡವಿದರು. ಅಲ್ಲಿ ಬೆರಳುದ್ದದ ಸೀಳು ಇತ್ತು. ನಿಂತಾಗ ಮುಚ್ಚಿಕೊಂಡಿರುತ್ತಿದ್ದ ಅದು ಒತ್ತಡ ಏರಿದಾಗ ಬಾಯಿ ತೆರೆಯುತ್ತಿತ್ತು. ಕೊಳವೆಯನ್ನು ಬದಲಾಯಿಸಿದ ಮೇಲೆ ವ್ಯಾನು ಏರನ್ನು ಸಲೀಸಾಗಿ ಹತ್ತಿತು. ಎಲ್ಲಿ ಹುಡುಕಬೇಕೆಂಬುದನ್ನು ಅಳತೆ ತೋರಿಸಿತು. ಕಂಡುಹಿಡಿದುದು ಅನುಭವದ ಕೈ. ಇವೆರಡರಲ್ಲಿ ಒಂದನ್ನು ಇನ್ನೊಂದರ ಬದಲಿಗೆ ಇಡಲಾಗದು.

ಎಲ್ಲ ಸ್ಕ್ಯಾನರುಗಳಲ್ಲಿಯೂ ಸಂಕೇತವನ್ನು ಅಳಿಸುವ ಒಂದು ಗುಂಡಿ ಇರುತ್ತದೆ. ಅನೇಕರು ಅದಕ್ಕಾಗಿಯೇ ಉಪಕರಣವನ್ನು ಕೊಳ್ಳುವರು. ಗುಂಡಿ ಒತ್ತಿದರೆ ದೀಪ ಆರುತ್ತದೆ, ಮನಸ್ಸಿಗೆ ನೆಮ್ಮದಿಯಾಗುತ್ತದೆ. ಆದರೆ ದೋಷದ ಗಳಿಗೆಯ ದಾಖಲೆಯೂ ಅದರೊಡನೆ ಅಳಿಸಿಹೋಗುತ್ತದೆ. ಸಂಕೇತವನ್ನೂ ದಾಖಲೆಯನ್ನೂ ಕಾಗದದ ಮೇಲೆ ಬರೆದುಕೊಳ್ಳದೆ ಈ ಗುಂಡಿಯನ್ನು ಮುಟ್ಟಬಾರದು.

ಲಕ್ಷ ರೂಪಾಯಿಯ ಉಪಕರಣವನ್ನು ಇಟ್ಟುಕೊಂಡವರು ತಪ್ಪು ಮಾಡುವುದಿಲ್ಲವೆಂದಾಗಲಿ, ಅಗ್ಗದ್ದೆಲ್ಲ ನಿಷ್ಪ್ರಯೋಜಕವೆಂದಾಗಲಿ ನಾನು ಹೇಳಲಾರೆ. ಯಂತ್ರ ಕೊಟ್ಟ ಸಂಖ್ಯೆಯನ್ನು ಪ್ರಶ್ನಿಸದೆ ಒಪ್ಪುವ ಅಭ್ಯಾಸ ಮಾತ್ರ ಎಲ್ಲಕ್ಕಿಂತ ದುಬಾರಿಯಾದುದು. ನಾಳೆ ನಿಮ್ಮ ಮನೆಯವರ ರಕ್ತಪರೀಕ್ಷೆಯ ವರದಿಯೋ, ಹೊಲದ ಮಣ್ಣಿನ ವರದಿಯೋ ನಿಮ್ಮ ಕೈಗೆ ಬರಬಹುದು. ಆಗಲೂ ಇವೇ ಪ್ರಶ್ನೆಗಳನ್ನು ಕೇಳಿರಿ: ಇಲ್ಲಿ ನಿಜವಾಗಿ ಅಳೆದುದು ಏನು? ಅಳೆದ ಉಪಕರಣ ಸರಿಯಾಗಿದೆಯೆ? ಈ ಫಲಕ್ಕೆ ಬೇರೆ ಯಾವ ಕಾರಣಗಳು ಸಾಧ್ಯ? ಬೆಲೆಬಾಳುವ ಭಾಗವನ್ನು ಬದಲಾಯಿಸುವುದು ಈ ಮೂರಕ್ಕೂ ಉತ್ತರ ದೊರೆತ ಮೇಲಿನ ಕೆಲಸ.