ಒಡೆಯನಿಲ್ಲದ ಡೆಬಿಯನ್

ಹೊಸ ಕಂಪ್ಯೂಟರ್ ಕೊಂಡಾಗ ಅದರ ಬೆಲೆಯಲ್ಲಿ ಹಲವು ಬಾರಿ ವಿಂಡೋಸ್‌ನ ಬೆಲೆಯೂ ಸೇರಿರುತ್ತದೆ ಎಂಬುದು ಎಷ್ಟೋ ತಂದೆ-ತಾಯಿಯರಿಗೆ ಗೊತ್ತಿರುವುದಿಲ್ಲ. ಯಂತ್ರವನ್ನು ನಡೆಸುವ ಈ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕಾಸು ಕೊಡದೆ, ಕಳ್ಳಪ್ರತಿಯ ಗೊಡವೆಯೂ ಇಲ್ಲದೆ ಅದನ್ನು ಪಡೆಯಲು ಸಾಧ್ಯವಿದೆ. ಹಾಗೆ ಸಿಗುವ ಹಿರಿಯವುಗಳಲ್ಲೊಂದು ಡೆಬಿಯನ್.

1993ರ ಆಗಸ್ಟ್‌ನಲ್ಲಿ ಇದನ್ನು ಶುರುಮಾಡಿದ ಇಯಾನ್ ಮರ್ಡಾಕ್ ಆಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು ಇಪ್ಪತ್ತು. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಅಂಟಿಸಿ ಡೆಬಿಯನ್ ಎಂದು ಕರೆದ. ಇದರ ತಿರುಳಾದ ಲಿನಕ್ಸ್ ಕೂಡ ಫಿನ್‌ಲೆಂಡಿನ ವಿದ್ಯಾರ್ಥಿಯೊಬ್ಬನ ಕೈಯಿಂದ ಬಂದದ್ದೇ. ಮಕ್ಕಳು ಕಂಪ್ಯೂಟರ್ ಮುಂದೆ ಕಾಲ ಕಳೆಯುತ್ತಾರೆಂದು ಗೊಣಗುವವರು ಇದನ್ನು ಒಮ್ಮೆ ಗಮನಿಸಬೇಕು.

ಡೆಬಿಯನ್‌ಗೆ ಮಾಲೀಕ ಕಂಪೆನಿಯಿಲ್ಲ. ಲೋಕದ ನಾನಾ ದೇಶಗಳಲ್ಲಿ ಹರಡಿರುವ ಸುಮಾರು ಸಾವಿರ ಸ್ವಯಂಸೇವಕರು ತಂತ್ರಾಂಶಗಳನ್ನು ಹಂಚಿಕೊಂಡು ನೋಡಿಕೊಳ್ಳುತ್ತಾರೆ. ಇವರಿಗೊಂದು ಸಂವಿಧಾನವಿದೆ, ವರ್ಷಕ್ಕೊಮ್ಮೆ ನಾಯಕನ ಚುನಾವಣೆ ನಡೆಯುತ್ತದೆ. 2004ರಲ್ಲಿ ಬಂದ ಉಬುಂಟು ಕಟ್ಟಿಕೊಂಡದ್ದು ಇದರ ಮೇಲೆಯೇ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದೇ ಬಳಗದ ಲಿನಕ್ಸ್‌ನಲ್ಲಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಇದರಲ್ಲಿ ಸಿಗುವುದರಿಂದ ಕನ್ನಡ ಬೆರಳಚ್ಚಿಗೆ ತೊಡಕಿಲ್ಲ.

ಒಡೆಯನಿಲ್ಲದ್ದಕ್ಕೆ ಬೆಲೆಯೂ ಉಂಟು. ನಾಲ್ಕು ಜನ ಒಪ್ಪಿದ ಮೇಲಷ್ಟೇ ಕೆಲಸ ಮುಂದೆ ಸಾಗುತ್ತದೆ. 2002ರ ಆವೃತ್ತಿಯ ನಂತರದ್ದು ಹೊರಬರಲು 2005ರವರೆಗೆ ಕಾಯಬೇಕಾಯಿತು! ಈಗ ಎರಡು ವರ್ಷಕ್ಕೊಂದು ಬರುತ್ತಿದೆಯಾದರೂ, ಅದರೊಳಗಿನ ತಂತ್ರಾಂಶಗಳು ಪರೀಕ್ಷೆಗೊಳಗಾಗಿ ಬರುವಷ್ಟರಲ್ಲಿ ತುಸು ಹಳತಾಗಿರುತ್ತವೆ. ತತ್ವನಿಷ್ಠೆಯೂ ಕಾಡಿದ್ದುಂಟು. ಕೆಲವು ವೈ-ಫೈ ಚಿಪ್‌ಗಳಿಗೆ ಬೇಕಾದ ತಯಾರಕರ ತಂತ್ರಾಂಶ ಮುಕ್ತವಲ್ಲವೆಂದು ಅಧಿಕೃತ ಪ್ರತಿಯಲ್ಲಿ ಅದನ್ನು ಸೇರಿಸುತ್ತಿರಲಿಲ್ಲ. ಹೊಸಬರು ಇಂಟರ್‌ನೆಟ್ ಇಲ್ಲದೆ ಒದ್ದಾಡುತ್ತಿದ್ದರು. 2022ರಲ್ಲಿ ಸದಸ್ಯರು ಮತ ಹಾಕಿದ ಮೇಲೆ 2023ರ ಆವೃತ್ತಿಯಿಂದ ಅದು ಸೇರಿತು.

ಇವೆಲ್ಲ ಸಣ್ಣವು. ಮೂಲ ಬರಹ ಎಲ್ಲರಿಗೂ ತೆರೆದಿದೆ, ಆದ್ದರಿಂದ ತಪ್ಪು ಅಡಗಿರಲಾರದು ಎಂಬುದು ಇಂಥ ತಂತ್ರಾಂಶದ ಪರ ನಿಲ್ಲುವವರ ಮುಖ್ಯ ವಾದ. ಇದಕ್ಕೆ ಪೆಟ್ಟು ಬಿದ್ದದ್ದು 2008ರ ಮೇ ತಿಂಗಳಲ್ಲಿ. ಇಂಟರ್‌ನೆಟ್‌ನಲ್ಲಿ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಡೆಬಿಯನ್‌ಗಾಗಿ ನೋಡಿಕೊಳ್ಳುತ್ತಿದ್ದವರು, ತಪಾಸಣೆಯಲ್ಲಿ ಎಚ್ಚರಿಕೆ ಬಂತೆಂದು 2006ರಲ್ಲಿ ಒಂದೆರಡು ಸಾಲು ತೆಗೆದುಹಾಕಿದ್ದರು. ಮೂಲ ತಯಾರಕರನ್ನು ಮೊದಲೇ ಕೇಳಿಯೂ ಇದ್ದರು. ಆದರೆ ರಹಸ್ಯ ಕೀಲಿಗಳನ್ನು ಯಾರೂ ಊಹಿಸದಂತೆ ಮಾಡುತ್ತಿದ್ದುದೇ ಆ ಸಾಲು. ಅದು ಹೋದ ಮೇಲೆ ಒಂದೊಂದು ಬಗೆಯ ಕೀಲಿಗೆ ಉಳಿದದ್ದು ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ. ಕಂಪ್ಯೂಟರಿಗೆ ಅಷ್ಟನ್ನು ಒಂದೊಂದಾಗಿ ಹಾಕಿ ನೋಡುವುದು ಯಾವ ಲೆಕ್ಕ? ಹೆಚ್ಚುಕಡಿಮೆ ಎರಡು ವರ್ಷ ಆ ಬದಲಾವಣೆ ಎಲ್ಲರ ಕಣ್ಣೆದುರೇ ಇತ್ತು. ಓದಬಹುದಾದವರು ಬಹಳ, ಓದಿದವರು ಇಲ್ಲ.

ಗೊತ್ತಾದಾಗ ಡೆಬಿಯನ್‌ನವರು ಮುಚ್ಚಿಡಲಿಲ್ಲ. ತಪ್ಪನ್ನು ಪ್ರಕಟಿಸಿ, ದುರ್ಬಲ ಕೀಲಿ ಪತ್ತೆಮಾಡುವ ಸಾಧನವನ್ನೂ ಕೊಟ್ಟರು. ಯಾವ ಸಾಲು, ಯಾವಾಗ, ಯಾಕೆ ಹೋಯಿತೆಂಬುದನ್ನು ಕಂಪ್ಯೂಟರ್ ವಿಜ್ಞಾನದ ಯಾವ ವಿದ್ಯಾರ್ಥಿಯೂ ಇಂದಿಗೂ ತೆರೆದು ನೋಡಬಹುದು. ಗುಟ್ಟಿನ ಬಾಗಿಲ ಹಿಂದೆ ಕೆಲಸ ಮಾಡುವ ಕಂಪೆನಿಗಳಿಂದ ಇಂಥ ಪಾಠ ಸಿಗುವುದು ಅಪರೂಪ.

ಪೂರ್ತಿ ಬದಲಾಯಿಸುವ ಮುನ್ನ ಡೆಬಿಯನ್‌ನ ಲೈವ್ ಪ್ರತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಹಾರ್ಡ್‌ಡಿಸ್ಕ್ ಮುಟ್ಟದೆಯೇ ನಡೆಸಿ ನೋಡಬಹುದು. ವೈ-ಫೈ, ಪ್ರಿಂಟರ್, ಧ್ವನಿ ಸರಿಯಿವೆಯೇ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕಾಲೇಜಿನಲ್ಲಿ ವಿಂಡೋಸ್‌ನಲ್ಲಷ್ಟೇ ನಡೆಯುವ ತಂತ್ರಾಂಶ ಕೇಳುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.